ಹಿಡಿತದ ಸ್ಲೀಪಿಂಗ್ ಪಾರ್ಟ್ನರ್: ಮೊಣಕೈ ನೋವಿನ ಹಿಂದಿರೋ ಗಿಡ್ಡ ಸ್ನಾಯು

ಈ ವಾರದ ಎಪಿಸೋಡ್‌ನ ಬರಹ ರೂಪ ಇದು. ಇಯರ್‌ಫೋನ್ ಇಲ್ಲದವರು, ಬಸ್ಸಲ್ಲಿ ಕೂತವರು ಓದಿಕೊಳ್ಳಬಹುದು.

ಇವತ್ತಿನ ಎಪಿಸೋಡ್‌ಗೆ ನಿಮ್ಮ ಎರಡೂ ಕೈ ಬೇಕು. ಗಾಡಿ ಓಡಿಸ್ತಾ ಇದ್ದರೆ ದಯವಿಟ್ಟು ಮನೆ ಮುಟ್ಟಿದ ಮೇಲೆ ಕೇಳಿ.

ಬಲಗೈಯಲ್ಲಿ ಫೋನ್ ಹಿಡ್ಕೊಳ್ಳಿ. ಎಡಗೈ ಬೆರಳುಗಳನ್ನ ಬಲಗೈಯ ಮೊಣಕೈಯಿಂದ ಮೂರು ನಾಲ್ಕು ಬೆರಳು ಕೆಳಗೆ ಇಡಿ. ಒಳಮೈ ಕಡೆ ಅಲ್ಲ, ಹೊರಮೈ ಕಡೆ, ಅಂದ್ರೆ ಕೂದಲು ಜಾಸ್ತಿ ಇರೋ ಕಡೆ. ಈಗ ಯಾರೋ ಫೋನ್ ಕಿತ್ಕೊಳ್ತಾ ಇದ್ದಾರೆ ಅನ್ನೋ ಹಾಗೆ ಗಟ್ಟಿಯಾಗಿ ಹಿಡೀರಿ. ಎಡಗೈ ಬೆರಳಿನ ಕೆಳಗೆ ಏನೋ ಉಬ್ಬಿ, ಕಲ್ಲಿನಂಗೆ ಬಿಗಿಯಾಯ್ತಲ್ವಾ?

ಈಗ ಪ್ರಶ್ನೆ. ಬೆರಳು ಮಡಚೋ ಸ್ನಾಯುಗಳು ಇರೋದು ಕೈಯ ಒಳಮೈಯಲ್ಲಿ. ಹಿಡಿಯೋ ಕೆಲಸ ಅವುಗಳದ್ದು. ಹಾಗಿದ್ರೆ ಹೊರಮೈಯಲ್ಲಿ ಇರೋದು ಯಾಕೆ ಬಿಗಿಯಾಯ್ತು? ಅದಕ್ಕೂ ಹಿಡಿತಕ್ಕೂ ಏನು ಸಂಬಂಧ?

ನಾನು ಓದಿದ್ದು ಬಿ.ಕಾಂ. ನಮ್ಮ ಭಾಷೆಯಲ್ಲಿ ಹೇಳಬೇಕು ಅಂದ್ರೆ, ಅದು ಈ ವ್ಯವಹಾರದ ಸ್ಲೀಪಿಂಗ್ ಪಾರ್ಟ್ನರ್. ಅಂಗಡಿ ಬೋರ್ಡ್ ಮೇಲೆ ಹೆಸರಿಲ್ಲ, ಗಲ್ಲಾಪೆಟ್ಟಿಗೆ ಮುಂದೆ ಕೂರೋದಿಲ್ಲ. ಆದ್ರೆ ಬಂಡವಾಳದಲ್ಲಿ ಪಾಲಿದೆ, ನಷ್ಟ ಬಂದಾಗ ತಲೆ ಮೇಲೆ ಬೀಳೋದೂ ಇದೆ. ಕಂಪ್ಲಿ ಕಡೆ ಕಬ್ಬು ಕಡಿಯೋರಿಗೆ, ಸಂಡೂರಲ್ಲಿ ಕಸೂತಿ ಹಾಕೋರಿಗೆ, ಹಂಪಿ ಹೊಳೆಯಲ್ಲಿ ಹರಿಗೋಲು ಹಾಕೋರಿಗೆ, ಮನೆಯಲ್ಲಿ ಬಟ್ಟೆ ಹಿಂಡೋ ನಮ್ಮ ಅಮ್ಮಂದಿರಿಗೆ ಮೊಣಕೈ ಹತ್ರ ಬರೋ ಆ ಒಂದು ನೋವು ಇದೆಯಲ್ಲ, ಎಷ್ಟೋ ಸಲ ಅದು ಈ ಪಾರ್ಟ್ನರ್‌ಗೆ ಆದ ನಷ್ಟ.

ಬೆರಳು ಇಲ್ಲಿ, ಇಂಜಿನ್ ಅಲ್ಲಿ

ಮೊದಲು ಮ್ಯಾಪ್ ನೋಡೋಣ. ಮೊಣಕೈಯಿಂದ ಮಣಿಕಟ್ಟಿನ ತನಕ ಇರೋ ಭಾಗಕ್ಕೆ ಶಾಲೆ ಪುಸ್ತಕದಲ್ಲಿ ಮುಂದೋಳು ಅಂತಾರೆ, ನಾನು ಮುಂಗೈ ಅಂತೀನಿ. ಇಷ್ಟು ಜಾಗದಲ್ಲಿ ಸುಮಾರು 20 ಸ್ನಾಯುಗಳಿವೆ. ಒಳಮೈ ಕಡೆ 8, ಹೊರಮೈ ಕಡೆ 12 ಅಂತ ಲೆಕ್ಕ. ಒಳಗಿನವು ಹೆಚ್ಚಾಗಿ ಮಡಚೋ ಕೆಲಸ ಮಾಡ್ತವೆ, ಹೊರಗಿನವು ಬಿಚ್ಚೋ, ಹಿಂದಕ್ಕೆ ಎತ್ತೋ ಕೆಲಸ.

ಬೆರಳಿನಲ್ಲಿ ಶಕ್ತಿ ಇದೆ ಅಂತ ನಾವು ಅಂದ್ಕೊಂಡಿರ್ತೀವಿ. ಬೆರಳುಗಳ ಒಳಗೆ ಅಂಥ ಸ್ನಾಯುವೇ ಇಲ್ಲ. ಅಂಗೈಯಲ್ಲಿ ಸಣ್ಣಪುಟ್ಟವು ಇವೆ, ದೊಡ್ಡ ಇಂಜಿನ್‌ಗಳೆಲ್ಲ ಮುಂಗೈಯಲ್ಲಿವೆ. ಸೈಕಲ್ ಬ್ರೇಕ್ ನೆನಪಿಸ್ಕೊಳ್ಳಿ. ಬ್ರೇಕ್ ಹಿಡಿಯೋದು ಹ್ಯಾಂಡಲ್ ಹತ್ರ, ಗಾಲಿ ನಿಲ್ಲೋದು ಕೆಳಗೆ, ನಡುವೆ ಕೇಬಲ್. ಹಾಗೇ ಸ್ನಾಯು ಮುಂಗೈಯಲ್ಲಿ ಕುಗ್ಗುತ್ತೆ, ಅದರ ತುದಿಯಲ್ಲಿರೋ ಬಿಳಿ ಹುರಿ ಮಣಿಕಟ್ಟು ದಾಟಿ ಹೋಗಿ ಬೆರಳನ್ನ ಎಳೆಯುತ್ತೆ. ಆ ಹುರಿಗೆ ಸ್ನಾಯುರಜ್ಜು ಅಂತಾರೆ, ಡಾಕ್ಟರ್ ಬಾಯಲ್ಲಿ ಟೆಂಡನ್. ಈ ಪದ ನೆನಪಿಟ್ಕೊಳ್ಳಿ, ಇವತ್ತಿನ ಕಥೆಯಲ್ಲಿ ಪೆಟ್ಟು ತಿನ್ನೋದು ಅದೇ.

ಇಲ್ಲಿ ಒಂದು ಸಮಸ್ಯೆ ಇದೆ. ಬೆರಳಿಗೆ ಹೋಗೋ ಕೇಬಲ್ ಮಣಿಕಟ್ಟನ್ನ ದಾಟಿಯೇ ಹೋಗಬೇಕು. ಅದನ್ನ ಎಳೆದಾಗ ಬೆರಳು ಮಡಚೋದರ ಜೊತೆಗೆ ಮಣಿಕಟ್ಟೂ ಒಳಕ್ಕೆ ಬಾಗೋಕೆ ನೋಡುತ್ತೆ. ಮಣಿಕಟ್ಟು ಬಾಗಿದರೆ ಹಿಡಿತ ಹೋಯ್ತು.

ನಂಬಿಕೆ ಇಲ್ಲ ಅಂದ್ರೆ ಈಗಲೇ ನೋಡಿ. ಒಂದು ಪೆನ್ ಹಿಡ್ಕೊಂಡು ಮಣಿಕಟ್ಟನ್ನ ಎಷ್ಟಾಗುತ್ತೋ ಅಷ್ಟು ಒಳಕ್ಕೆ ಬಗ್ಗಿಸಿ. ಆ ಸ್ಥಿತಿಯಲ್ಲೇ ಮುಷ್ಟಿ ಬಿಗಿ ಮಾಡೋಕೆ ನೋಡಿ. ಆಗೋದಿಲ್ಲ. ಪಕ್ಕದಲ್ಲಿರೋ ಫ್ರೆಂಡ್ ಸುಮ್ಮನೆ ಎಳೆದರೂ ಪೆನ್ ಬಂದುಬಿಡುತ್ತೆ. ಈಗ ಮಣಿಕಟ್ಟನ್ನ ಸ್ವಲ್ಪ ಹಿಂದಕ್ಕೆ ಎತ್ತಿ ಹಿಡೀರಿ. ಎಳೆಯೋಕೆ ಹೇಳಿ. ಬರೋದಿಲ್ಲ. ಮಣಿಕಟ್ಟು ಸುಮಾರು 20ರಿಂದ 35 ಡಿಗ್ರಿ ಹಿಂದಕ್ಕೆ ಎದ್ದಿದ್ದಾಗ ನಮ್ಮ ಹಿಡಿತ ಅತಿ ಗಟ್ಟಿ ಇರುತ್ತೆ.

ಅಂದ್ರೆ ಒಳಗಿನ ಸ್ನಾಯುಗಳು ಎಳೆಯುವಾಗ, ಹೊರಗಿನಿಂದ ಯಾರೋ ಮಣಿಕಟ್ಟನ್ನ ಹಿಂದಕ್ಕೆ ಹಿಡಿದಿಟ್ಟಿರಬೇಕು. ಮದುವೆ ಪೆಂಡಾಲ್ ಕಂಬಕ್ಕೆ ಎರಡೂ ಕಡೆ ಹಗ್ಗ ಕಟ್ತಾರಲ್ಲ, ಹಾಗೆ. ಒಂದೇ ಕಡೆ ಎಳೆದರೆ ಕಂಬ ಬೀಳುತ್ತೆ. ಈ ಹಿಂದಿನ ಹಗ್ಗ ಎಳೆಯೋರಲ್ಲಿ ಮುಖ್ಯವಾದವನೇ ನಮ್ಮ ಇವತ್ತಿನ ಹೀರೋ.

ಹೆಸರು ಉದ್ದ, ಸ್ನಾಯು ಗಿಡ್ಡ

ಪೂರ್ತಿ ಹೆಸರು ಎಕ್ಸ್‌ಟೆನ್ಸರ್ ಕಾರ್ಪಿ ರೇಡಿಯಾಲಿಸ್ ಬ್ರೆವಿಸ್. ಹೆದರಬೇಡಿ. ಇದು ಲ್ಯಾಟಿನ್ ಭಾಷೆಯ ವಿಳಾಸ ಅಷ್ಟೇ. ಎಕ್ಸ್‌ಟೆನ್ಸರ್ ಅಂದ್ರೆ ಹಿಂದಕ್ಕೆ ಎತ್ತೋದು. ಕಾರ್ಪಿ ಅಂದ್ರೆ ಮಣಿಕಟ್ಟಿನದು. ರೇಡಿಯಾಲಿಸ್ ಅಂದ್ರೆ ರೇಡಿಯಸ್ ಮೂಳೆ ಕಡೆ ಇರೋದು, ಅಂದ್ರೆ ಹೆಬ್ಬೆರಳಿನ ಕಡೆ. ಬ್ರೆವಿಸ್ ಅಂದ್ರೆ ಗಿಡ್ಡ. ಒಟ್ಟಿಗೆ ಓದಿದ್ರೆ, ಹೆಬ್ಬೆರಳಿನ ಕಡೆಯಿಂದ ಮಣಿಕಟ್ಟನ್ನ ಹಿಂದಕ್ಕೆ ಎತ್ತೋ ಗಿಡ್ಡ ಸ್ನಾಯು. ಡಾಕ್ಟರ್‌ಗಳು ಚಿಕ್ಕದಾಗಿ ಇಸಿಆರ್‌ಬಿ ಅಂತಾರೆ. ನಾನು ಗಿಡ್ಡ ಅಂತಲೇ ಕರೀತೀನಿ.

ಗಿಡ್ಡ ಇದ್ದಮೇಲೆ ಉದ್ದ ಇರಲೇಬೇಕಲ್ಲ, ಅವನ ಅಣ್ಣನ ಹೆಸರು ಲಾಂಗಸ್. ಅಣ್ಣ ಮೊಣಕೈಗಿಂತ ಸ್ವಲ್ಪ ಮೇಲೆ, ತೋಳಿನ ಮೂಳೆಯಿಂದ ಹೊರಡ್ತಾನೆ. ತಮ್ಮ ಹೊರಡೋದು ಮೊಣಕೈಯ ಹೊರಗಡೆ ಕೈಗೆ ಸಿಗೋ ಗಂಟಿನಿಂದ. ಮುಟ್ಟಿ ನೋಡಿ, ಮೊಣಕೈಯನ್ನ ಅರ್ಧ ಮಡಚಿದಾಗ ಹೊರಬದಿಯಲ್ಲಿ ಒಂದು ಸಣ್ಣ ಎಲುಬಿನ ಉಬ್ಬು ಸಿಗುತ್ತೆ. ಅದಕ್ಕೆ ಲ್ಯಾಟರಲ್ ಎಪಿಕಾಂಡೈಲ್ ಅಂತಾರೆ. ಗಿಡ್ಡನ ಜೊತೆ ಇನ್ನೂ ಎರಡು ಮೂರು ಸ್ನಾಯುಗಳು ಇದೇ ಒಂದು ಗಂಟಿಗೆ ಜೋತುಬಿದ್ದಿವೆ. ಒಂದೇ ಮೊಳೆಗೆ ನಾಲ್ಕು ಚೀಲ ನೇತುಹಾಕಿದಂಗೆ.

ಅಲ್ಲಿಂದ ಗಿಡ್ಡ ಅಣ್ಣನ ಕೆಳಗೆ ಅಡಗಿಕೊಂಡು ಬರ್ತಾನೆ. ಮುಂಗೈಯ ನಡುವಿನ ತನಕ ಮಾಂಸ, ಆಮೇಲೆ ಚಪ್ಪಟೆ ಟೆಂಡನ್. ಮಣಿಕಟ್ಟಿನ ಹತ್ರ ವಾಚ್ ಬೆಲ್ಟ್ ಥರ ಒಂದು ಪಟ್ಟಿ ಎಲ್ಲ ಟೆಂಡನ್‌ಗಳನ್ನೂ ಒತ್ತಿ ಹಿಡಿದಿದೆ, ಅದರ ಕೆಳಗೆ ನುಸುಳಿ ಹೋಗಿ ಅಂಗೈಯ ಹಿಂಭಾಗದಲ್ಲಿ ಮಧ್ಯದ ಬೆರಳಿಗೆ ಸೇರಿದ ಮೂಳೆಯ ಬುಡಕ್ಕೆ ಅಂಟ್ಕೊಳ್ತಾನೆ. ಅಣ್ಣ ಅಂಟೋದು ತೋರುಬೆರಳಿನ ಮೂಳೆಯ ಬುಡಕ್ಕೆ. ಮಧ್ಯದ ಬೆರಳು ಅಂದ್ರೆ ಕೈಯ ಸೆಂಟರ್ ಲೈನ್. ಅದಕ್ಕೇ ಮಣಿಕಟ್ಟನ್ನ ಆ ಕಡೆ ಈ ಕಡೆ ವಾಲಿಸದೆ ನೇರವಾಗಿ ಹಿಂದಕ್ಕೆ ಎತ್ತೋದರಲ್ಲಿ ಗಿಡ್ಡನೇ ಎತ್ತಿದ ಕೈ. ಇವನಿಗೆ ಕರೆಂಟ್ ಕೊಡೋ ನರದ ಹೆಸರು ರೇಡಿಯಲ್ ನರ.

ಅವನಿಲ್ಲದ ದಿನ ಏನಾಗುತ್ತೆ?

ಒಬ್ಬ ಪಾರ್ಟ್ನರ್‌ನ ಬೆಲೆ ಗೊತ್ತಾಗೋದು ಅವನು ಬರದೇ ಇದ್ದ ದಿನ. ತೋಳಿನ ಮೂಳೆ ಮುರಿದಾಗ, ಅಥವಾ ಕುಡಿದು ಕುರ್ಚಿಯ ಹಿಂಬದಿಗೆ ತೋಳು ನೇತುಹಾಕಿ ರಾತ್ರಿಯಿಡೀ ಮಲಗಿದಾಗ, ರೇಡಿಯಲ್ ನರಕ್ಕೆ ಪೆಟ್ಟು ಬೀಳುತ್ತೆ. ಆಗ ಮಣಿಕಟ್ಟು ಬಾಡಿದ ಹೂವಿನಂಗೆ ಕೆಳಗೆ ಜೋತುಬೀಳುತ್ತೆ. ಇದಕ್ಕೆ ರಿಸ್ಟ್ ಡ್ರಾಪ್ ಅಂತಾರೆ. ಗಮನಿಸಿ, ಬೆರಳು ಮಡಚೋ ಸ್ನಾಯುಗಳಿಗೆ ಏನೂ ಆಗಿರೋದಿಲ್ಲ, ಅವುಗಳ ನರಗಳೇ ಬೇರೆ. ಆದರೂ ಆ ಮನುಷ್ಯನಿಗೆ ಒಂದು ಚೊಂಬು ನೀರು ಗಟ್ಟಿಯಾಗಿ ಹಿಡಿಯೋಕೆ ಆಗೋದಿಲ್ಲ. ಡಾಕ್ಟರ್ ಒಂದು ಪಟ್ಟಿ ಹಾಕಿ ಮಣಿಕಟ್ಟನ್ನ ಎತ್ತಿ ಕಟ್ಟಿದ ತಕ್ಷಣ ಹಿಡಿತದಲ್ಲಿ ಎಷ್ಟೋ ಭಾಗ ವಾಪಸ್ ಬರುತ್ತೆ.

ಇದರ ಉಲ್ಟಾ ಕೇಸ್ ಇನ್ನೂ ಅಚ್ಚರಿ. ಕುತ್ತಿಗೆಯ ಬೆನ್ನುಹುರಿಗೆ ಪೆಟ್ಟಾದ ಕೆಲವರಿಗೆ ಬೆರಳು ಮಡಚೋ ಶಕ್ತಿ ಪೂರ್ತಿ ಹೋಗಿರುತ್ತೆ, ಮಣಿಕಟ್ಟು ಹಿಂದಕ್ಕೆ ಎತ್ತೋ ಶಕ್ತಿ ಮಾತ್ರ ಉಳಿದಿರುತ್ತೆ. ಅಂಥವರು ಮಣಿಕಟ್ಟು ಎತ್ತಿದಾಗ ಬೆರಳುಗಳು ತಾವಾಗೇ ಮಡಚ್ಕೊಳ್ತವೆ, ಕೇಬಲ್ ಬಿಗಿಯಾಗೋದರಿಂದ. ಅಷ್ಟರಲ್ಲೇ ಹಗುರವಾದ ವಸ್ತು ಹಿಡಿಯೋದನ್ನ ಕಲೀತಾರೆ. ನಿಮ್ಮ ಕೈಯಲ್ಲೂ ನೋಡಬಹುದು. ಕೈಯನ್ನ ಪೂರ್ತಿ ಸಡಿಲ ಬಿಟ್ಟು ಮಣಿಕಟ್ಟು ಮಾತ್ರ ಮೇಲೆತ್ತಿ, ಬೆರಳು ಒಳಕ್ಕೆ ಬರ್ತವೆ. ಕೆಳಗೆ ಬಿಡಿ, ಬೆರಳು ಬಿಚ್ಕೊಳ್ತವೆ.

ನಮ್ಮೂರಿನ ಕೈಗಳು

ಈಗ ಹೊಸಪೇಟೆಯಿಂದ ಸುತ್ತ ಒಂದು ರೌಂಡ್ ಹಾಕೋಣ.

50 ರೂಪಾಯಿ ಹೊಸ ನೋಟಿನ ಹಿಂದೆ ಹಂಪಿಯ ಕಲ್ಲಿನ ರಥ ಇದೆ, ನಿಮಗೆಲ್ಲ ಗೊತ್ತು. ಆ ರಥವನ್ನ ಕೆತ್ತಿದವರ ಒಂದು ಕೈಯಲ್ಲಿ ಉಳಿ, ಇನ್ನೊಂದರಲ್ಲಿ ಸುತ್ತಿಗೆ. ಸುತ್ತಿಗೆ ಕಲ್ಲಿಗೆ ಬಡಿದಾಗ ಆ ಏಟು ವಾಪಸ್ ಕೈಗೇ ಬರುತ್ತೆ, ಮಣಿಕಟ್ಟನ್ನ ಬಾಗಿಸೋಕೆ ನೋಡುತ್ತೆ. ಪ್ರತಿ ಏಟಿಗೂ ಗಿಡ್ಡ ಅದನ್ನ ತಡೀಬೇಕು.

ಹೊಳೆ ಕಡೆ ಬನ್ನಿ. 1520ರ ಸುಮಾರಿಗೆ ವಿಜಯನಗರ ನೋಡಿದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್, ಆನೆಗೊಂದಿ ಹತ್ರ ಜನ ಬುಟ್ಟಿಯಂಥ ದುಂಡನೆಯ, ಚರ್ಮ ಹೊದಿಸಿದ ದೋಣಿಯಲ್ಲಿ ಹೊಳೆ ದಾಟ್ತಿದ್ದರು ಅಂತ ಬರೆದಿದ್ದಾನೆ. ಅದೇ ಹರಿಗೋಲು. ದುಂಡಗಿರೋದರಿಂದ ಅದಕ್ಕೆ ಮುಂದು ಹಿಂದು ಅನ್ನೋದೇ ಇಲ್ಲ, ಬಿಟ್ಟರೆ ಗಿರಗಿರ ತಿರುಗುತ್ತೆ. ಹುಟ್ಟು ಹಾಕೋರು ಪ್ರತಿ ಎಳೆತಕ್ಕೂ ಹುಟ್ಟನ್ನ ಗಟ್ಟಿಯಾಗಿ ಹಿಡಿದು ದಿಕ್ಕು ಸರಿಮಾಡ್ತಾ ಇರಬೇಕು. ನೋಡೋರಿಗೆ ಭುಜದ ಕೆಲಸ. ಹಿಡಿತ ಇಲ್ಲದಿದ್ದರೆ ಭುಜದ ಶಕ್ತಿ ಹುಟ್ಟಿನ ತನಕ ಬರೋದೇ ಇಲ್ಲ.

ಸಂಡೂರಿನ ಲಂಬಾಣಿ ಕಸೂತಿಗೆ ಜಿಐ ಟ್ಯಾಗ್ ಇದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20 ಸಂಸ್ಕೃತಿ ಸಭೆ ನಡೆದಾಗ 1,755 ಲಂಬಾಣಿ ಕಸೂತಿ ವಸ್ತುಗಳನ್ನ ಒಟ್ಟಿಗೆ ಪ್ರದರ್ಶನಕ್ಕೆ ಇಟ್ಟು ಗಿನ್ನಿಸ್ ದಾಖಲೆ ಮಾಡಿದರು. ಅದರ ಹಿಂದೆ ಇದ್ದದ್ದು ಸಂಡೂರು ಕುಶಲ ಕಲಾ ಕೇಂದ್ರದ ಜೊತೆ ಕೆಲಸ ಮಾಡೋ ಹೆಣ್ಣುಮಕ್ಕಳ ಕೈ. ಸೂಜಿ ಎಷ್ಟು ಗ್ರಾಂ ಇರುತ್ತೆ ಹೇಳಿ? ಭಾರವೇ ಇಲ್ಲ. ಆದ್ರೆ ಸೂಜಿಯನ್ನ ಚಿವುಟಿ ಹಿಡಿಯೋಕೂ ಮಣಿಕಟ್ಟು ಅಲ್ಲಾಡದೆ ನಿಲ್ಲಬೇಕು. ಗಂಟೆಗಟ್ಟಲೆ ನಿಲ್ಲಬೇಕು. ಸಣ್ಣ ಕಂತು, ಆದ್ರೆ ದಿನಾ ಕಟ್ಟೋ ಕಂತು.

ಕಂಪ್ಲಿ ಕಡೆ ಕಬ್ಬು. ಎಡಗೈಯಲ್ಲಿ ಜಲ್ಲೆ, ಬಲಗೈಯಲ್ಲಿ ಮಚ್ಚು. ಬೀಸಬೇಕು, ಬುಡಕ್ಕೆ ತಾಗಿಸಬೇಕು, ತಾಗಿದ ಆ ಕ್ಷಣದ ಏಟನ್ನ ಮಣಿಕಟ್ಟು ತಡೀಬೇಕು. ದಿನಕ್ಕೆ ಸಾವಿರ ಸಲ ಅಂದ್ರೂ ಕಡಿಮೆ ಲೆಕ್ಕ.

ಇದರ ಪಕ್ಕದಲ್ಲೇ ಇನ್ನೊಂದು ಕೈ ಇದೆ. ಹಂಪಿಯ ಗುಂಡುಗಳನ್ನ ಹತ್ತೋಕೆ ಪ್ರಪಂಚದ ಎಲ್ಲ ಕಡೆಯಿಂದ ಕ್ಲೈಂಬರ್‌ಗಳು ಬರ್ತಾರೆ. ಬೆರಳ ತುದಿಯಲ್ಲಿ ಮೈಭಾರ ನೇತುಹಾಕೋ ಅವರಿಗೆ ಮುಂಗೈ ಅಂದ್ರೆ ಆಸ್ತಿ. ಅವರು ಹತ್ತೋ ಮೊದಲು ಕೈ ಬಿಸಿ ಮಾಡ್ಕೊಳ್ತಾರೆ, ಎರಡು ದಿನ ಹತ್ತಿದರೆ ಒಂದು ದಿನ ರೆಸ್ಟ್ ಇಡ್ತಾರೆ. ಸ್ನಾಯು ಎರಡು ಕಡೆಯವರದ್ದೂ ಒಂದೇ. ಕೂಲಿಯವರಿಗೆ ರೆಸ್ಟ್ ಡೇ ಅಂದ್ರೆ ಅವತ್ತಿನ ಸಂಬಳ ಇಲ್ಲ. ವ್ಯತ್ಯಾಸ ಇರೋದು ಅಲ್ಲಿ.

ನರ ಹಿಡ್ಕಂಡೈತಿ

ನಮ್ಮ ದೊಡ್ಡಮ್ಮ ಒಮ್ಮೆ ಹೇಳಿದ್ದರು, "ಏ ತಮ್ಮಾ, ಮೊಣಕೈಯಾಗ ನರ ಹಿಡ್ಕಂಡೈತಿ ನೋಡು, ಚೊಂಬು ಎತ್ತಾಕ ಆಗವಲ್ದು." ನಮ್ಮಲ್ಲಿ ಏನೇ ನೋವಾದ್ರೂ ಅದು ನರವೇ. ನರ ಎಳದೈತಿ, ನರ ಹೊಳ್ಳೈತಿ, ನರ ಹಿಡ್ಕಂಡೈತಿ. ಆದ್ರೆ ಈ ನೋವಿನಲ್ಲಿ ಸಾಮಾನ್ಯವಾಗಿ ನರದ ತಪ್ಪೇನೂ ಇರೋದಿಲ್ಲ. ಹಾಳಾಗಿರೋದು ಗಿಡ್ಡನ ಟೆಂಡನ್, ಅದು ಮೊಣಕೈ ಗಂಟಿಗೆ ಅಂಟಿರೋ ಜಾಗದಲ್ಲಿ.

ಇದಕ್ಕೆ ಇರೋ ಫೇಮಸ್ ಹೆಸರು ಟೆನಿಸ್ ಎಲ್ಬೋ. ತಮಾಷೆ ಅಂದ್ರೆ, 1873ರಲ್ಲಿ ಜರ್ಮನಿಯ ಡಾಕ್ಟರ್ ರುಂಗೆ ಇದನ್ನ ಮೊದಲು ವಿವರಿಸಿದಾಗ ಅವರು ಇದನ್ನ ಜೋಡಿಸಿದ್ದು ಬರವಣಿಗೆಗೆ, ಟೆನಿಸ್‌ಗಲ್ಲ. ಮುಂದಿನ ದಶಕದಲ್ಲಿ ಇಂಗ್ಲೆಂಡಲ್ಲಿ ಲಾನ್ ಟೆನಿಸ್ ಹುಚ್ಚು ಹಿಡಿದಾಗ ಹೆಸರು ಬದಲಾಯ್ತು, ಹಾಗೇ ಉಳ್ಕೊಳ್ತು. ಇವತ್ತು ಈ ನೋವು ಇರೋರಲ್ಲಿ ಹೆಚ್ಚಿನವರು ಟೆನಿಸ್ ರಾಕೆಟ್ ಮುಟ್ಟಿದವರೇ ಅಲ್ಲ. ದೊಡ್ಡವರಲ್ಲಿ 100ಕ್ಕೆ 1ರಿಂದ 3 ಜನರಿಗೆ ಇದು ಇರುತ್ತೆ, ಜಾಸ್ತಿ ಕಾಣೋದು 35ರಿಂದ 55ರ ವಯಸ್ಸಿನಲ್ಲಿ. ಅಂದ್ರೆ ನಿಮ್ಮ ಅಪ್ಪ ಅಮ್ಮನ ವಯಸ್ಸು, ದುಡಿಯೋ ವಯಸ್ಸು. ನಿಮ್ಮ ವಯಸ್ಸಿನವರಿಗೆ ಬರೋದಿಲ್ಲ ಅಂತಿಲ್ಲ. ಜಿಮ್‌ನಲ್ಲಿ ಏಕಾಏಕಿ ಭಾರ ಏರಿಸಿದವರಿಗೆ, ಹೊಸದಾಗಿ ಪ್ಲಂಬಿಂಗ್, ಗ್ಯಾರೇಜ್ ಕೆಲಸ ಹಿಡಿದವರಿಗೂ ಬರಬಹುದು.

ಕ್ರಿಕೆಟ್ ನೋಡೋರಿಗೆ ನೆನಪಿರುತ್ತೆ, 2004ರಲ್ಲಿ ಸಚಿನ್ ತೆಂಡೂಲ್ಕರ್ ಎಡ ಮೊಣಕೈಗೆ ಬಂದದ್ದು ಇದೇ. 2005ರ ಮೇ ತಿಂಗಳಲ್ಲಿ ಲಂಡನ್‌ನಲ್ಲಿ ಆಪರೇಷನ್ ಆಯ್ತು. ಬಲಗೈ ಬ್ಯಾಟ್ಸ್‌ಮನ್‌ಗೆ ಎಡಗೈ ಮೇಲಿನ ಕೈ, ಬ್ಯಾಟ್‌ನ ಹಿಡಿಕೆ ನಿಭಾಯಿಸೋ ಕೈ. ಸಚಿನ್ ಬ್ಯಾಟ್ ಬೇರೆ ಭಾರ ಜಾಸ್ತಿ ಇದ್ದದ್ದು.

ಹಾಗಿದ್ರೆ ಟೆಂಡನ್‌ಗೆ ಏನಾಗುತ್ತೆ? ಮೊದಲು ಇದನ್ನ ಉರಿಯೂತ ಅಂದ್ಕೊಂಡಿದ್ದರು. 1979ರಲ್ಲಿ ಅಮೆರಿಕದ ಸರ್ಜನ್‌ಗಳಾದ ನಿರ್ಶಲ್ ಮತ್ತು ಪೆಟ್ರೋನ್, ಆಪರೇಷನ್ ಮಾಡಿದ ಮೊಣಕೈಗಳಲ್ಲಿ ಕಂಡದ್ದನ್ನ ಪ್ರಕಟಿಸಿದರು. ಹಾಳಾಗಿದ್ದದ್ದು ಮುಖ್ಯವಾಗಿ ಗಿಡ್ಡನ ಟೆಂಡನ್, ಮತ್ತು ಅದರಲ್ಲಿ ಕಂಡದ್ದು ಮಾಮೂಲಿ ಉರಿಯೂತ ಅಲ್ಲ. ಸಾಲಾಗಿ ನೇಯ್ದಿರಬೇಕಾದ ಎಳೆಗಳು ಅಡ್ಡಾದಿಡ್ಡಿಯಾಗಿದ್ದವು, ರಿಪೇರಿ ಅರ್ಧಕ್ಕೇ ನಿಂತುಹೋಗಿತ್ತು.

ಇದನ್ನ ಲೆಡ್ಜರ್ ಥರ ನೋಡಿ. ಪ್ರತಿ ದಿನದ ಕೆಲಸ ಒಂದು ಖರ್ಚು, ಟೆಂಡನ್‌ನಲ್ಲಿ ಸಣ್ಣ ಸಣ್ಣ ಹಾನಿ ಆಗುತ್ತೆ. ರಾತ್ರಿಯ ರಿಪೇರಿ ಜಮಾ. ಸ್ನಾಯುವಿಗೆ ರಕ್ತ ಚೆನ್ನಾಗಿ ಹರಿಯುತ್ತೆ, ಬೇಗ ಸರಿಹೋಗುತ್ತೆ. ಟೆಂಡನ್‌ಗೆ ರಕ್ತದ ಸಪ್ಲೈ ಕಡಿಮೆ, ಅದರ ಜಮಾ ನಿಧಾನ. ದಿನಾ ಖರ್ಚು ಜಾಸ್ತಿ, ಜಮಾ ಕಡಿಮೆ ಆದ್ರೆ ತಿಂಗಳ ಕೊನೆಗೆ ಅಕೌಂಟ್ ಮೈನಸ್. ಆಗ ನೋವು ಶುರು. ಅದಕ್ಕೇ ಇದು ಒಂದು ದಿನದ ಏಟಿನಿಂದ ಬರೋದಕ್ಕಿಂತ, ಸೀಸನ್ ಕೆಲಸ ಜೋರಾದ ಮೇಲೆ ಮೆಲ್ಲಗೆ ಬರೋದೇ ಹೆಚ್ಚು.

ಮನೆಯಲ್ಲೇ ನೋಡೋ ಮೂರು ಗುರುತು

ಒಂದು, ನೋವು ಎಲ್ಲಿದೆ ಅಂತ ಒಂದೇ ಬೆರಳಲ್ಲಿ ತೋರಿಸೋಕೆ ಹೇಳಿ. ಮೊಣಕೈಯ ಹೊರಗಿನ ಗಂಟಿನ ಮೇಲೋ, ಅದರಿಂದ ಒಂದು ಬೆರಳು ಕೆಳಗೋ ತೋರಿಸಿದರೆ ಗಿಡ್ಡನ ಮೇಲೆ ಅನುಮಾನ ಪಡಬಹುದು.

ಎರಡು, ಪ್ಲಾಸ್ಟಿಕ್ ಕುರ್ಚಿಯನ್ನ ಕೈ ನೇರ ಮಾಡಿ, ಅಂಗೈ ಕೆಳಗೆ ಮಾಡಿ ಹಿಂಬದಿ ಹಿಡಿದು ಎತ್ತಿಸಿ. ಅದೇ ಜಾಗದಲ್ಲಿ ಚುಚ್ಚಿದಂತಾಗುತ್ತೆ.

ಮೂರು, ಕೈ ನೇರ ಚಾಚಿ, ಅಂಗೈ ಕೆಳಗೆ. ಮಧ್ಯದ ಬೆರಳನ್ನ ನೀವು ಕೆಳಕ್ಕೆ ಒತ್ತಿ, ಅವರು ಮೇಲಕ್ಕೆ ತಡೀಲಿ. ಒತ್ತೋದು ಬೆರಳನ್ನ, ನೋವು ಬರೋದು ಮೊಣಕೈಯಲ್ಲಿ. ಯಾಕೆ ಅಂತ ಈಗ ನಿಮಗೆ ಗೊತ್ತು. ಆ ಬೆರಳಿನ ಮೂಳೆಯ ಬುಡಕ್ಕೇ ತಾನೆ ಗಿಡ್ಡ ಅಂಟಿರೋದು?

ಇವು ಅನುಮಾನ ಪಡೋಕೆ ಮಾತ್ರ. ಖಚಿತ ಮಾಡೋದು ಡಾಕ್ಟರ್ ಕೆಲಸ.

ಒಂದು ಸೂಜಿ, ನಾಳೆಯಿಂದ ಕೆಲಸ

ಈಗ ದುಡ್ಡಿನ ಮಾತಿಗೆ ಬರೋಣ. ಕೂಲಿ ಮಾಡೋರು ಆಸ್ಪತ್ರೆಗೆ ಹೋದಾಗ ಕೇಳೋದು ಒಂದೇ, "ಒಂದು ಸೂಜಿ ಹಾಕಿ ಬಿಡ್ರಿ ಸಾರ್, ನಾಳೆ ಕೆಲಸಕ್ಕೆ ಹೋಗ್ಬೇಕು." ಮೊಣಕೈಗೆ ಹಾಕೋ ಸ್ಟೀರಾಯ್ಡ್ ಇಂಜೆಕ್ಷನ್ ಮೊದಲ ಕೆಲವು ವಾರ ನಿಜಕ್ಕೂ ಚೆನ್ನಾಗಿ ಕೆಲಸ ಮಾಡುತ್ತೆ, ನೋವು ಇಳಿಯುತ್ತೆ. ಆಮೇಲೆ?

ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ 165 ಜನರ ಮೇಲೆ ಮಾಡಿದ ಅಧ್ಯಯನ 2013ರಲ್ಲಿ ಜಾಮಾ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಕೆಲವರಿಗೆ ಸ್ಟೀರಾಯ್ಡ್, ಕೆಲವರಿಗೆ ಔಷಧಿಯೇ ಇಲ್ಲದ ಇಂಜೆಕ್ಷನ್. ಒಂದು ವರ್ಷ ಆದ ಮೇಲೆ ನೋಡಿದರೆ, ಔಷಧಿ ಇಲ್ಲದ ಇಂಜೆಕ್ಷನ್ ತಗೊಂಡವರಲ್ಲಿ ಶೇ 96 ಮಂದಿ ಗುಣ ಆಗಿದ್ದರು ಅಥವಾ ತುಂಬಾ ಸುಧಾರಿಸಿದ್ದರು. ಸ್ಟೀರಾಯ್ಡ್ ತಗೊಂಡವರಲ್ಲಿ ಶೇ 83. ನೋವು ವಾಪಸ್ ಬಂದದ್ದು ಮೊದಲ ಗುಂಪಿನಲ್ಲಿ ಶೇ 12 ಮಂದಿಗೆ, ಸ್ಟೀರಾಯ್ಡ್ ಗುಂಪಿನಲ್ಲಿ ಶೇ 54 ಮಂದಿಗೆ.

ಇದನ್ನ ಕೈಸಾಲ ಅಂತ ತಿಳ್ಕೊಳ್ಳಿ. ಇವತ್ತು ದುಡ್ಡು ಕೈಗೆ ಬರುತ್ತೆ, ಬಡ್ಡಿ ಆಮೇಲೆ. ಅದರಲ್ಲೂ ನೋವು ಇಳಿದ ಮಾರನೇ ದಿನವೇ ಮೊದಲಿನಷ್ಟೇ ಜೋರಾಗಿ ಮಚ್ಚು ಬೀಸಿದರೆ, ಮೈನಸ್‌ನಲ್ಲಿರೋ ಅಕೌಂಟ್‌ನಿಂದ ಇನ್ನಷ್ಟು ಡ್ರಾ ಮಾಡಿದಂಗೆ. ಡಾಕ್ಟರ್ ಕಾರಣ ಇದ್ದೇ ಕೊಡಬಹುದು, ಅದು ಅವರ ನಿರ್ಧಾರ. ಆದ್ರೆ ತಗೊಳ್ಳೋರು ಬಡ್ಡಿ ಎಷ್ಟು ಅಂತ ಕೇಳಿ ತಿಳ್ಕೊಂಡು ತಗೊಳ್ಳಲಿ.

ಇನ್ನೊಂದು ತುದಿಯ ಸಲಹೆಯೂ ಕಷ್ಟ. "ಮೂರು ತಿಂಗಳು ಕೈಗೆ ಕೆಲಸವೇ ಕೊಡಬೇಡಿ" ಅಂದ್ರೆ ಮನೆ ನಡೆಯೋದು ಹೇಗೆ? ಖುಷಿಯ ವಿಷಯ ಏನಂದ್ರೆ, ಟೆಂಡನ್‌ಗೂ ಪೂರ್ತಿ ರಜೆ ಬೇಕಾಗಿಲ್ಲ. ಏನೂ ಭಾರ ಬೀಳದಿದ್ದರೆ ಅದು ಇನ್ನೂ ಸೊರಗುತ್ತೆ. ಅದಕ್ಕೆ ಬೇಕಾಗಿರೋದು ತಡ್ಕೊಳ್ಳೋ ಅಷ್ಟು ಭಾರ, ಮೆಲ್ಲಗೆ ಏರೋ ಭಾರ. ಈ ನೋವು ಬಂದ ಹೆಚ್ಚಿನವರಿಗೆ ಒಂದು ವರ್ಷದೊಳಗೆ ಆಪರೇಷನ್ ಇಲ್ಲದೇ ಗುಣ ಆಗುತ್ತೆ. ಆ ವರ್ಷವನ್ನ ಕೂಲಿ ಕಳ್ಕೊಳ್ಳದೆ ದಾಟೋದು ಹೇಗೆ ಅನ್ನೋದೇ ನಿಜವಾದ ಪ್ರಶ್ನೆ.

ಖರ್ಚು ಕಡಿಮೆ, ಜಮಾ ಜಾಸ್ತಿ

ಮೊದಲು ಖರ್ಚು ಕಡಿಮೆ ಮಾಡೋ ದಾರಿ.

ಕೊಡ, ಬಕೆಟ್, ಚೀಲ, ಏನೇ ಎತ್ತಿದರೂ ಅಂಗೈ ಮೇಲೆ ಮಾಡಿ, ಮೊಣಕೈ ಮಡಚಿ, ಮೈಗೆ ಹತ್ತಿರ ಇಟ್ಕೊಂಡು ಎತ್ತಿ. ಆಗ ಭಾರ ತೋಳಿನ ದೊಡ್ಡ ಸ್ನಾಯುಗಳಿಗೆ ಹೋಗುತ್ತೆ. ಕೈ ಚಾಚಿ, ಅಂಗೈ ಕೆಳಗೆ ಮಾಡಿ ಎತ್ತಿದರೆ ಪೂರ್ತಿ ಬಿಲ್ ಗಿಡ್ಡನ ಹೆಸರಿಗೆ.

ಹಿಡಿಕೆ ತೆಳ್ಳಗೆ, ನುಣ್ಣಗೆ ಇದ್ದರೆ ಜಾರದಂತೆ ಹಿಡಿಯೋಕೆ ಜಾಸ್ತಿ ಬಲ ಬೇಕು. ಮಚ್ಚು, ಸುತ್ತಿಗೆ, ಹುಟ್ಟು, ಯಾವುದಕ್ಕಾದ್ರೂ ಹಳೇ ಸೈಕಲ್ ಟ್ಯೂಬ್ ಅಥವಾ ಬಟ್ಟೆ ಸುತ್ತಿ. ಮಚ್ಚು ಹರಿತವಾಗಿಟ್ಕೊಳ್ಳಿ. ಮೊಂಡು ಮಚ್ಚಿಗೆ ಎರಡು ಏಟು ಬೇಕು, ಹರಿತದ್ದಕ್ಕೆ ಒಂದು.

ಬಟ್ಟೆ ಹಿಂಡೋದು ಈ ಸ್ನಾಯುವಿಗೆ ದೊಡ್ಡ ಶತ್ರು. ಬೆಡ್‌ಶೀಟ್ ಇದ್ದರೆ ಇಬ್ಬರು ಹಿಂಡಿ, ಇಲ್ಲಾಂದ್ರೆ ಹಗ್ಗದ ಮೇಲೆ ನೀರು ಸೋರೋಕೆ ಬಿಡಿ. ಈ ಪಾಯಿಂಟ್ ಕೇಳ್ತಾ ಇರೋ ಗಂಡುಮಕ್ಕಳಿಗೆ.

ಕಸೂತಿ, ಬರವಣಿಗೆ, ಮೊಬೈಲ್ ಗೇಮ್ ಥರದ ಕೆಲಸದಲ್ಲಿ ಅರ್ಧ ಗಂಟೆಗೊಮ್ಮೆ ಕೈ ಸಡಿಲ ಬಿಡಿ. ಮುಂಗೈಗೆ, ಮೊಣಕೈಯಿಂದ ಎರಡು ಬೆರಳು ಕೆಳಗೆ ಕಟ್ಟೋ ಪಟ್ಟಿ ಮೆಡಿಕಲ್ ಅಂಗಡಿಯಲ್ಲಿ ಸಿಗುತ್ತೆ. ಕೆಲಸದ ಹೊತ್ತಲ್ಲಿ ಕೆಲವರಿಗೆ ಅದರಿಂದ ಆರಾಮ. ತುಂಬಾ ಬಿಗಿಯಾಗಿ ಕಟ್ಟಬೇಡಿ.

ಇನ್ನು ಜಮಾ. ಇದಕ್ಕೆ ಬೇಕಾಗಿರೋದು ಒಂದು ಟೇಬಲ್, ಒಂದು ನೀರಿನ ಬಾಟಲಿ. ಮುಂಗೈಯನ್ನ ಟೇಬಲ್ ಮೇಲಿಡಿ, ಮಣಿಕಟ್ಟು ಅಂಚಿನಿಂದ ಹೊರಗಿರಲಿ, ಅಂಗೈ ಕೆಳಗಿರಲಿ. ಅರ್ಧ ಲೀಟರ್ ಬಾಟಲಿ ಹಿಡೀರಿ, ಅಂದ್ರೆ ಅರ್ಧ ಕೆ.ಜಿ. ಇನ್ನೊಂದು ಕೈಯ ಸಹಾಯದಿಂದ ಮಣಿಕಟ್ಟನ್ನ ಮೇಲೆತ್ತಿ. ಈಗ ಸಹಾಯದ ಕೈ ತೆಗೆದು, ಮನಸ್ಸಲ್ಲಿ ನಾಲ್ಕು ಎಣಿಸ್ತಾ ನಿಧಾನಕ್ಕೆ ಕೆಳಗಿಳಿಸಿ. ಇಳಿಸೋದೇ ಔಷಧಿ. 10ರಿಂದ 15 ಸಲ, ನಡುವೆ ಬಿಡುವು ಕೊಟ್ಟು ಮೂರು ರೌಂಡ್. ತುಂಬಾ ನೋವಿದ್ದರೆ ಇಳಿಸೋದೂ ಬೇಡ, ಎತ್ತಿ ಹಾಗೇ 30 ಸೆಕೆಂಡ್ ಹಿಡಿದಿಟ್ಟರೆ ಸಾಕು, ಅದೂ ಬಾಟಲಿ ಇಲ್ಲದೆ.

ಮಾಡುವಾಗ ಸ್ವಲ್ಪ ನೋವು ಬಂದರೆ ಪರವಾಗಿಲ್ಲ. 10ಕ್ಕೆ 3ರ ಮೇಲೆ ಹೋಗಬಾರದು, ಮಾರನೇ ದಿನ ಬೆಳಿಗ್ಗೆ ಮೊದಲಿನ ಸ್ಥಿತಿಗೆ ಬಂದಿರಬೇಕು. ಬಂದಿಲ್ಲ ಅಂದ್ರೆ ನೀರು ಕಡಿಮೆ ಮಾಡಿ. ಆರಾಮಾಗಿದೆ ಅನ್ನಿಸಿದ್ರೆ ಎರಡು ವಾರಕ್ಕೊಮ್ಮೆ ನೀರು ಜಾಸ್ತಿ ಮಾಡ್ತಾ ಹೋಗಿ. ಫಲ ಕಾಣೋಕೆ ಆರರಿಂದ ಹನ್ನೆರಡು ವಾರ ಬೇಕು. ಪಿಗ್ಮಿ ಕಟ್ಟಿದಂಗೆ, ದಿನಾ ಸ್ವಲ್ಪ ಸ್ವಲ್ಪ. ಒಮ್ಮೆ ಫಿಸಿಯೋಥೆರಪಿಸ್ಟ್ ಹತ್ರ ತೋರಿಸಿ ಕಲಿತುಕೊಂಡ್ರೆ ಇನ್ನೂ ಒಳ್ಳೇದು.

ಯಾವಾಗ ಕಾಯಬಾರದು?

ಮೊಣಕೈ ನೋವೆಲ್ಲ ಗಿಡ್ಡನದ್ದೇ ಅಲ್ಲ. ಬೆರಳು ಜೋಮು ಹಿಡಿಯೋದು, ಚುಮುಚುಮು ಅನ್ನೋದು, ಕುತ್ತಿಗೆಯಿಂದ ನೋವು ಇಳಿದು ಬರೋದು ಇದ್ದರೆ, ಆಗ ನಿಜಕ್ಕೂ ನರದ ತೊಂದರೆ ಇರಬಹುದು. ಮಣಿಕಟ್ಟು ಎತ್ತೋಕೇ ಆಗ್ತಿಲ್ಲ, ಬಿದ್ದು ಪೆಟ್ಟಾಗಿದೆ, ಕೀಲು ಊದಿಕೊಂಡು ಬಿಸಿಯಾಗಿದೆ, ಜ್ವರ ಇದೆ, ರಾತ್ರಿ ನಿದ್ದೆ ಬಿಡದಷ್ಟು ನೋವಿದೆ ಅಂದ್ರೆ ಬಾಟಲಿ ವ್ಯಾಯಾಮ ಬೇಡ, ಎಣ್ಣೆ ತಿಕ್ಕಿಸೋದೂ ಬೇಡ. ತಾಲೂಕು ಆಸ್ಪತ್ರೆಗೆ, ಇಲ್ಲಾಂದ್ರೆ ನಮ್ಮ ಜನ ಇನ್ನೂ ವಿಮ್ಸ್ ಅಂತಲೇ ಕರೆಯೋ ಬಳ್ಳಾರಿಯ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯ ಮೂಳೆ ವಿಭಾಗಕ್ಕೆ ತೋರಿಸಿ. ಆರು ವಾರ ಎಚ್ಚರ ವಹಿಸಿದ ಮೇಲೂ ಏನೂ ಇಳಿದಿಲ್ಲ ಅಂದ್ರೂ ಅಷ್ಟೇ.

ಇವತ್ತು ಮನೆಗೆ ಹೋದ ಮೇಲೆ ಒಂದು ಕೆಲಸ ಮಾಡಿ. ಅಮ್ಮ, ಅಪ್ಪ, ಪಕ್ಕದ ಮನೆ ಅಕ್ಕ, ಯಾರಿಗಾದ್ರೂ ಮೊಣಕೈ ನೋವಿದೆಯಾ ಅಂತ ಕೇಳಿ. ಇದೆ ಅಂದ್ರೆ ಆ ಕುರ್ಚಿ ಎತ್ತಿಸಿ ನೋಡಿ. ನರ ಹಿಡ್ಕಂಡೈತಿ ಅಂತ ವರ್ಷಗಟ್ಟಲೆ ಬಾಮ್ ಹಚ್ಕೊಂಡು ಕೂತಿರೋರಿಗೆ ಒಂದು ಬಾಟಲಿ ನೀರು, ಒಂದು ಟ್ಯೂಬ್ ಸುತ್ತಿದ ಹಿಡಿಕೆ ಕೊಟ್ಟರೂ ಅದು ದೊಡ್ಡ ಸಹಾಯ. ಈ ಎಪಿಸೋಡ್ ಅವರಿಗೂ ಕೇಳಿಸಿ, ಕೇಳೋಕೆ ಅವರ ಹತ್ರ ಫೋನ್ ಇಲ್ಲಾಂದ್ರೆ ನೀವೇ ಓದಿ ಹೇಳಿ. ಮುಂದಿನ ವಾರ ಸಿಗೋಣ.